ಕೊನೆಯ ಅಂಕಿ 7 ಇತ್ತಾ, 1 ಇತ್ತಾ

ನಾನು ರಾಯಚೂರಿನ ಗಂಜ್‌ನಲ್ಲಿ ಲೆಕ್ಕ ಬರೆಯುವವನು. ದಲ್ಲಾಳಿ ಅಂಗಡಿ ನಮ್ಮದು. ಹಮಾಲರು ಕಾಟಾ ಮೇಲೆ ಚೀಲ ಇಡುತ್ತಾರೆ, ತೂಕದವರು ಅಂಕಿ ಕೂಗುತ್ತಾರೆ, ನಾನು ಬರೆಯುತ್ತೇನೆ. 22 ವರ್ಷದಿಂದ ಇದೇ ಕೆಲಸ. ಕಿವಿಗೆ ಅಂಕಿ ಬಿದ್ದರೆ ಸಾಕು, ಕೈ ತಾನೇ ಓಡುತ್ತದೆ. ಹೋದ ಆಷಾಢದಲ್ಲಿ ಆ ಕೈ ನೀರಿನ ಮೇಲೆ ಕೂತು ಒಂದು ಅಂಕಿ ಬರೆಯಿತು. ಅದು ಸರಿ ಇತ್ತಾ, ತಪ್ಪಾಗಿತ್ತಾ ಅನ್ನೋದು ಇನ್ನೂ ಬಗೆಹರಿದಿಲ್ಲ. ಸೀಸನ್ ಶುರುವಾಗಿ ಕೈತುಂಬಾ ಕೆಲಸ ಬಂದಿದೆ. ಆದರೂ ರಾತ್ರಿ ಕಣ್ಣು ಮುಚ್ಚಿದರೆ ಆ ಹಾಯಿ ಮುಂದೆ ಬಂದು ನಿಲ್ಲುತ್ತದೆ. ಬಿಳಿ ಹಾಯಿ, ಕಪ್ಪು ಅಂಕಿ, ಕೊನೆಯದರ ಮೇಲೆ ಒಂದು ಮಡಿಕೆ.

ಗಂಜ್ ಗುಮಾಸ್ತನಿಗೂ ಹಾಯಿದೋಣಿಗೂ ಎಲ್ಲಿಯ ನಂಟು ಅಂತ ಕೇಳಬಹುದು. ನನ್ನ ತಂಗಿ ಸಿಕಂದರಾಬಾದಿನಲ್ಲಿದ್ದಾಳೆ. ಅವಳ ಮಗಳು ಚಿಕ್ಕಂದಿನಲ್ಲಿ ಹುಸೇನ್ ಸಾಗರದಲ್ಲಿ ಹಾಯಿದೋಣಿ ನಡೆಸೋದು ಕಲಿತವಳು. ಈಗ ಕಾಲೇಜು. ಮಕ್ಕಳ ಸ್ಪರ್ಧೆ ಇದ್ದಾಗ ಕೆಲಸಕ್ಕೆ ಹೋಗುತ್ತಾಳೆ. ಆಷಾಢದಲ್ಲಿ ನಮ್ಮ ಕಡೆ ಮಾಲು ಬರೋದು ಕಡಿಮೆ, ಅಂಗಡಿಯಲ್ಲಿ ನೊಣ ಹೊಡೀತಾ ಕೂತಿರುತ್ತೇವೆ. ಒಂದು ದಿನ ಫೋನ್ ಮಾಡಿದಳು. "ಮಾಮಾ, ನಂಬರ್ ಬರೀಲಿಕ್ಕೆ ಜನ ಸಾಲ್ತಿಲ್ಲ. ನಿಮ್ಮ ಅಕ್ಷರ ಚೆಂದ ಐತಿ. ನಾಲ್ಕು ದಿನ ಬರ್ರಿ." ಹೆಂಡತಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿ, ಮೆಹಬೂಬ್‌ನಗರದ ಮೇಲೆ ಹೈದರಾಬಾದ್ ಸೇರಿದೆ.

ಗಾಳಿ ಕಾಯೋದು

ರೇಸ್ ಕಮಿಟಿ ಅಂದರೆ ದಡದಲ್ಲಿ ಶಾಮಿಯಾನ ಹಾಕಿ ಕುರ್ಚಿ ಮೇಲೆ ಕೂರುವವರು ಅಂದುಕೊಂಡಿದ್ದೆ. ಹಾಗಲ್ಲ. ಕೆರೆಯ ನಡುವೆ ಲಂಗರು ಹಾಕಿದ ಒಂದು ಬೋಟು. ಅದರಲ್ಲಿ ಐದಾರು ಜನ. ಬೆಳಿಗ್ಗೆ ಹೋದವರು ಸಂಜೆಗೇ ವಾಪಸ್. ಒಂದು ಕಡೆ ದೂರದಲ್ಲಿ ಬುದ್ಧನ ವಿಗ್ರಹ. 1990ರಲ್ಲಿ ಸಾಗಿಸುವಾಗ ಇದೇ ಕೆರೆಯಲ್ಲಿ ಮುಳುಗಿತ್ತು, ಆಮೇಲೆ ಎತ್ತಿ 1992ರಲ್ಲಿ ನಿಲ್ಲಿಸಿದರು. ಅದನ್ನು ನೋಡಿದಾಗೆಲ್ಲ ನನಗೆ ಈ ನೀರು ಎಷ್ಟು ಆಳ ಇರಬಹುದು ಅನ್ನೋ ಯೋಚನೆ. ನಾನು ಈಜು ಬಲ್ಲವನಲ್ಲ. ಲೈಫ್ ಜಾಕೆಟ್ ಪಟ್ಟಿ ಎರಡು ಸಲ ಎಳೆದು ನೋಡಿಕೊಂಡು ಕೂತೆ.

ಮಕ್ಕಳ ದೋಣಿಗೆ ಆಪ್ಟಿಮಿಸ್ಟ್ ಅಂತ ಹೆಸರು. 2.3 ಮೀಟರ್ ಉದ್ದ, ಮೂತಿ ಚೂಪಲ್ಲ, ಕತ್ತರಿಸಿದ ಹಾಗೆ ಚಪ್ಪಟೆ. ಒಂದೇ ಹಾಯಿ, ಒಂದೇ ಮಗು. 15 ವರ್ಷ ದಾಟಿದರೆ ಆ ದೋಣಿಯಲ್ಲಿ ಸ್ಪರ್ಧೆ ಇಲ್ಲ. ಒಟ್ಟು 38 ದೋಣಿ. ದಡ ಬಿಡುವಾಗ ಎಣಿಸಬೇಕು, ವಾಪಸ್ ಬಂದಾಗ ಎಣಿಸಬೇಕು. ಮೊದಲ ದಿನ ಸಂಜೆ ನನ್ನ ಲೆಕ್ಕಕ್ಕೆ 37 ಬಂತು. ಎದೆ ಧಸಕ್ಕೆಂದಿತು. ತಂಗಿ ಮಗಳು ಓಡಿ ಹೋಗಿ ನೋಡಿದಳು. ಒಬ್ಬ ಹುಡುಗ ರೇಸ್ ಅರ್ಧಕ್ಕೆ ಬಿಟ್ಟು ಮೊದಲೇ ದಡ ಸೇರಿ, ಹಾಯಿ ಸುತ್ತಿಟ್ಟು ಬಾಳೆಹಣ್ಣು ತಿನ್ನುತ್ತಾ ಕೂತಿದ್ದ. ಹೇಳಬೇಕಿತ್ತು, ಮರೆತಿದ್ದ. ಆ ಹತ್ತು ನಿಮಿಷ ನಾನು ಪಟ್ಟ ಪಾಡು ನನಗೇ ಗೊತ್ತು. ಚೀಲದ ಲೆಕ್ಕ ತಪ್ಪಿದರೆ ದುಡ್ಡು ಹೋಗುತ್ತದೆ, ಇಲ್ಲಿ ಹಾಗಲ್ಲ ಅಂತ ಅವತ್ತೇ ತಲೆಗೆ ಹೋಯಿತು.

ಕಮಿಟಿಯ ಕೆಲಸದಲ್ಲಿ ಜಾಸ್ತಿ ಪಾಲು ಕಾಯೋದೇ. ನಮ್ಮ ರೇಸ್ ಆಫೀಸರ್ ವಯಸ್ಸಾದವರು, ಮಾತು ಕಡಿಮೆ. ಕೈಯಲ್ಲಿ ಒಂದು ದಿಕ್ಸೂಚಿ. ಸ್ವಲ್ಪ ಸ್ವಲ್ಪ ಹೊತ್ತಿಗೆ ಗಾಳಿಯ ದಿಕ್ಕು ಹೇಳುವರು, ನಾನು ಹೊತ್ತು ಸಮೇತ ಬರೆಯುವುದು. 260 ಡಿಗ್ರಿ, 265, 255, ಮತ್ತೆ 270. ಪಡುವಣ ಗಾಳಿ. ರಾಯಚೂರಿನಲ್ಲಿ ಧೂಳು ಎಬ್ಬಿಸಿ ಬಟ್ಟೆ ಹಾರಿಸುವ ಅದೇ ಆಷಾಢದ ಗಾಳಿ ಇಲ್ಲಿ ಕಟ್ಟಡಗಳ ನಡುವೆ ನುಸುಳಿ ಬಂದು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗಾಳಿ ಒಂದೇ ದಿಕ್ಕಿಗೆ ನಿಲ್ಲದೆ ರೇಸ್ ಶುರುವಾಗುವ ಗೆರೆ ಹಾಕುವ ಹಾಗಿಲ್ಲ. ಗೆರೆ ಓರೆಯಾದರೆ ಒಂದು ತುದಿಯಲ್ಲಿದ್ದ ಮಗುವಿಗೆ ಸುಮ್ನೆ ಲಾಭ, ಇನ್ನೊಂದು ತುದಿಯ ಮಗುವಿಗೆ ಸುಮ್ನೆ ನಷ್ಟ. ಅದಕ್ಕೇ ಕೆಂಪು ಬಿಳಿ ಪಟ್ಟೆಯ ಬಾವುಟ ಏರಿಸಿ, ಎರಡು ಸಲ ಹಾರ್ನ್ ಹೊಡೆದು, ರೇಸ್ ಮುಂದಕ್ಕೆ ಹಾಕಿ ಕೂರುವರು. ಒಮ್ಮೆ ಎರಡು ತಾಸು ಹಾಗೇ ಕೂತೆವು. ರೊಟ್ಟಿ ಎಲ್ಲರಿಗೂ ಹಂಚಿದೆ. ಆಫೀಸರ್ ಶೇಂಗಾ ಹಿಂಡಿ ಎರಡು ಸಲ ಹಾಕಿಸಿಕೊಂಡರು.

ಆ ಎರಡು ತಾಸಿನಲ್ಲಿ ನನಗೆ ಕೃಷ್ಣೆಯ ನಡುಗಡ್ಡೆ ನಾರದಗಡ್ಡೆ ನೆನಪಾಯಿತು. ಆಗ ನನಗೆ ಒಂಬತ್ತು ವರ್ಷ ಇರಬಹುದು. ಅಜ್ಜಿ ಜೊತೆ ಪುಟ್ಟಿಯಲ್ಲಿ ಕೃಷ್ಣೆ ದಾಟಲು ಹೋಗಿದ್ದೆವು. ದಡದಲ್ಲಿ ಜನ ಜಮಾಯಿಸಿದ್ದರು, ಪೂಜೆಗೆ ಹೊತ್ತಾಗುತ್ತಿತ್ತು. ಅಂಬಿಗ ಮಾತ್ರ ಹುಟ್ಟು ನೆಲಕ್ಕೆ ಊರಿ ನಿಂತುಬಿಟ್ಟಿದ್ದ. "ನೀರಿನ ಮ್ಯಾಲೆ ಗಾಳಿ ಆಡಾಕತ್ತೈತ್ರಿ. ಒಂದ್ ತಾಸು ನಿಂದರ್ರಿ." ಜನ ಬೈದರು. ಒಬ್ಬರು ಜಾಸ್ತಿ ದುಡ್ಡು ಕೊಡ್ತೀನಿ ಅಂದರು. ಆತ ಜಪ್ಪಯ್ಯ ಅನ್ನಲಿಲ್ಲ. ಅಜ್ಜಿ ಮಾತ್ರ ಕುಂಕುಮದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು, "ನೀರು ಬಲ್ಲವ ನಿಲ್ಲು ಅಂದ್ರ ನಿಲ್ಲಬೇಕು" ಅಂತ ಮರದ ಕೆಳಗೆ ಕೂತಳು. ಅವತ್ತಿನ ಪುಟ್ಟಿಗೆ ಕೆಂಪು ಬಿಳಿ ಬಾವುಟ ಇರಲಿಲ್ಲ ಅಷ್ಟೇ.

ಗೆರೆ

ಶುರುವಿನ ಪದ್ಧತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯೋದಿಲ್ಲ. ಹಾಯಿದೋಣಿಗಳು ಓಟದ ಪಂದ್ಯದ ಹಾಗೆ ಒಂದು ಕಡೆ ನಿಂತು ಶುರು ಮಾಡುವುದಿಲ್ಲ. ಗಾಳಿ ಇರುವಾಗ ದೋಣಿ ನಿಲ್ಲುವುದಾದರೂ ಹೇಗೆ? ಹಿಂದೆ ಮುಂದೆ ತಿರುಗಾಡುತ್ತಲೇ ಇರುತ್ತವೆ. ಐದು ನಿಮಿಷ ಇರುವಾಗ ಆ ದೋಣಿ ವರ್ಗದ ಬಾವುಟ ಏರುತ್ತದೆ. ನಾಲ್ಕು ನಿಮಿಷಕ್ಕೆ ನೀಲಿ ಬಾವುಟ, ನಡುವೆ ಬಿಳಿ ಚೌಕ. ಒಂದು ನಿಮಿಷ ಉಳಿದಾಗ ಅದು ಇಳಿಯುತ್ತದೆ, ಉದ್ದನೆಯ ಹಾರ್ನ್. ಕೊನೆಗೆ ವರ್ಗದ ಬಾವುಟ ಇಳಿದ ಗಳಿಗೆಯೇ ಶುರು. ಹಾರ್ನ್ ಕೆಟ್ಟು ಸದ್ದು ಬರದಿದ್ದರೂ ಲೆಕ್ಕ ಬಾವುಟದ್ದೇ. ಕಿವಿಗಿಂತ ಕಣ್ಣಿಗೆ ಬೆಲೆ.

ಗೆರೆ ಅಂದರೆ ನೀರಿನ ಮೇಲೆ ಏನೂ ಇರುವುದಿಲ್ಲ. ನಮ್ಮ ಬೋಟಿನ ಕಿತ್ತಳೆ ಬಾವುಟದ ಕೋಲು ಒಂದು ತುದಿ, ದೂರದಲ್ಲಿ ತೇಲುವ ಬೋಯ್ ಇನ್ನೊಂದು ತುದಿ. ನಡುವಿನದು ನೋಡುವವನ ಕಣ್ಣಲ್ಲಿರುವ ಗೆರೆ. ಬಾವುಟ ಇಳಿದ ಗಳಿಗೆ ದೋಣಿಯ ಮೂತಿ ಒಂದು ಬೆರಳು ದಾಟಿದ್ದರೂ ಅದು ಮುಂಚೆ ಹೋದ ಲೆಕ್ಕ. ಆಗ ನೀಲಿ ಶಿಲುಬೆಯ ಬಿಳಿ ಬಾವುಟ ಏರಿಸಿ ಒಂದು ಹಾರ್ನ್. ದಾಟಿದ ದೋಣಿ ವಾಪಸ್ ಬಂದು ಮತ್ತೆ ಶುರು ಮಾಡಬೇಕು. ಯಾವ ದೋಣಿ ಅಂತ ನಾವು ಕೂಗಿ ಹೇಳಲೇಬೇಕೆಂದಿಲ್ಲ. ವಾಪಸ್ ಬರದಿದ್ದರೆ ಓಸಿಎಸ್, ಅಂದರೆ ಮುಂಚೆ ಗೆರೆ ದಾಟಿದ ದೋಣಿ ಅನ್ನೋ ಗುರುತು. ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2, ಹೀಗೆ ಅಂಕ ಕಡಿಮೆ ಇದ್ದಷ್ಟು ಒಳ್ಳೆಯದು. ಓಸಿಎಸ್ ಆದರೆ ಸ್ಪರ್ಧೆಗೆ ಹೆಸರು ಕೊಟ್ಟ ದೋಣಿಗಳಿಗಿಂತ ಒಂದು ಜಾಸ್ತಿ. 38 ದೋಣಿಗೆ 39.

ಇಲ್ಲಿ ಕಷ್ಟ ಏನೆಂದರೆ, ದಾಟಿದ್ದು ಕಾಣೋದು ಕೆಳಗೆ, ಮೂತಿಯಲ್ಲಿ. ನಂಬರ್ ಇರೋದು ಮೇಲೆ, ಹಾಯಿಯಲ್ಲಿ. ಮೂತಿ ನೋಡಿ ಕಣ್ಣೆತ್ತುವಷ್ಟರಲ್ಲಿ ಇನ್ನೊಂದು ಹಾಯಿ ಅಡ್ಡ ಬಂದಿರುತ್ತದೆ. ಅದಕ್ಕೇ ಕೆಲಸ ಹಂಚಿರುತ್ತಾರೆ. ಆಫೀಸರ್ ಗೆರೆಯ ಮೇಲೆ ಕಣ್ಣಿಟ್ಟು ನಿಲ್ಲುತ್ತಾರೆ, ಕಂಡದ್ದನ್ನು ಕೈಯಲ್ಲಿನ ರೆಕಾರ್ಡರಿಗೆ ಹೇಳುತ್ತಾರೆ. ಬರೆಯುವವನು ಬರೆಯಬೇಕು. ತಲೆ ಎತ್ತಬಾರದು.

ಮೂರನೇ ದಿನ, ಎರಡನೇ ರೇಸು. ನಾನು ತಲೆ ಎತ್ತಿದೆ.

ಎರಡು ದಿನ ಕಳೆದು ಸಲಿಗೆ ಬಂದಿತ್ತು. ಎಲ್ಲ ತಿಳಿಯಿತು ಅನ್ನೋ ಹುಮ್ಮಸ್ಸು. ಕೊನೆಯ ಹತ್ತು ಸೆಕೆಂಡು ತಂಗಿ ಮಗಳು ಎಣಿಸುತ್ತಿದ್ದಳು. ಮೂವತ್ತೆಂಟು ಹಾಯಿ ಒಂದೇ ಸಲ ಬಿಗಿಯಾಗುವ ಸದ್ದು ಇದೆಯಲ್ಲ, ಒಣಗಿದ ಪಂಚೆ ಗಾಳಿಗೆ ಪಟಪಟ ಬಡಿದು ಒಮ್ಮೆಲೇ ಸುಮ್ಮನಾದ ಹಾಗೆ. ಆ ಸದ್ದಿಗೇ ನೋಡಿದೆ. ಬಾವುಟ ಇಳಿಯಿತು, ಹಾರ್ನ್ ಆಯಿತು. ಆಫೀಸರ್ ದೂರದ ತುದಿಯ ಎರಡು ನಂಬರ್ ಹೇಳಿದರು, ಬರೆದೆ. ಅದೇ ಹೊತ್ತಿಗೆ ನಮ್ಮ ಬೋಟಿಗೆ ಹತ್ತಿರದಲ್ಲೇ ಒಂದು ಚಪ್ಪಟೆ ಮೂತಿ ಕೋಲಿನಿಂದಾಚೆ ಕಂಡಿತು. ಕಣ್ಣೆತ್ತಿದೆ. ಕ್ಲಬ್ಬು ಒಟ್ಟಿಗೆ ತರಿಸಿದ ಹಾಯಿಗಳಿರಬೇಕು, ಮೊದಲ ಅಂಕಿಗಳೆಲ್ಲ ಒಂದೇ, ಕೊನೆಯದು ಮಾತ್ರ ಬೇರೆ. ಆ ಕೊನೆಯದರ ಮೇಲೆ ಮಡಿಕೆ. ನಾನು ಕೂಗಿಬಿಟ್ಟೆ. ಕೊನೆಗೆ 7 ಅಂತ ಕೂಗಿದೆ, 7 ಅಂತ ಬರೆದೆ. ವಾಪಸ್ ಕರೆಯುವ ಹಾರ್ನ್ ಅದೇ ಗಳಿಗೆ ಬಾರಿಸಿತು. ಆಫೀಸರ್ ಗೆರೆಯಿಂದ ಕಣ್ಣು ತೆಗೆಯದೆ ಕೇಳಿದರು, "ಪಕ್ಕಾ?"

"ಪಕ್ಕಾ ಸರ್" ಅಂದೆ.

ಇಬ್ಬರು ವಾಪಸ್ ಬಂದರು. ಮೂರನೆಯವರು ಬರಲಿಲ್ಲ. ನಾಲ್ಕು ನಿಮಿಷಕ್ಕೆ ಬಾವುಟ ಇಳಿಸಿದೆವು. ರೇಸ್ ಮುಗಿದಾಗ 7ರ ದೋಣಿ ಆರನೆಯದಾಗಿ ಬಂತು. ನಾನೇ ಬರೆದೆ. ಮುಂದೆ ಓಸಿಎಸ್ ಅಂತಲೂ ನಾನೇ ಬರೆದೆ. 6ರ ಜಾಗದಲ್ಲಿ 39.

ಸಂಜೆ ಬಂದವಳು

ಫಲಿತಾಂಶ ಹಲಗೆಗೆ ಅಂಟಿಸಿ ಅರ್ಧ ತಾಸು ಆಗಿರಬಹುದು. ನಾವು ಟೇಬಲ್ಲಿನ ಮುಂದೆ ಚಹಾ ಕುಡಿಯುತ್ತಿದ್ದೆವು. ಒಬ್ಬ ಹುಡುಗಿ ಬಂದಳು. ಹನ್ನೊಂದು, ಹನ್ನೆರಡು ವರ್ಷ. ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ವಿಚಾರಣೆಯ ಫಾರಂ, ತುದಿ ಒದ್ದೆಯಾಗಿ ಸುರುಳಿಯಾಗಿತ್ತು. ಕೋಚ್ ದೂರದಲ್ಲಿ ನಿಂತಿದ್ದರು, ಅವರು ಹತ್ತಿರ ಬರಲಿಲ್ಲ. ಅವಳೇ ಮಾತಾಡಿದಳು, ತೆಲುಗಿನಲ್ಲಿ. ಸಿಟ್ಟಿಲ್ಲ, ಅಳುವಿಲ್ಲ. "ಸರ್, ನಾನು ಎರಡನೇ ಸಾಲಿನಲ್ಲಿದ್ದೆ. ನನ್ನ ಮುಂದೆ ಎರಡು ದೋಣಿ ಇದ್ದವು. ನನಗೆ ಗೆರೆಯೇ ಕಾಣ್ತಿರಲಿಲ್ಲ. ಹಂಗಾದ್ರೆ ನಾನು ಹೆಂಗೆ ದಾಟಿದೆ?"

ಆಫೀಸರ್ ನನ್ನ ಹಾಳೆ ತೆಗೆದರು. ರೆಕಾರ್ಡರ್ ಹಾಕಿದರು. ಅವರ ದನಿಯಲ್ಲಿ ಎರಡು ನಂಬರ್. ಆಮೇಲೆ ದೂರದಿಂದ ನನ್ನ ದನಿ, ಮೊದಲ ಅಂಕಿಗಳು ಸ್ಪಷ್ಟ. ಕೊನೆಯ ಅಂಕಿಯ ಮೇಲೆ ಸರಿಯಾಗಿ ಹಾರ್ನ್. ಮತ್ತೆ ಹಾಕಿದರು. ಮತ್ತೆ ಹಾರ್ನ್. ಆಮೇಲೆ, ಹಾರ್ನ್ ನಿಂತ ಮೇಲೆ, ಎಲ್ಲರಿಗೂ ಕೇಳುವ ಹಾಗೆ, "ಪಕ್ಕಾ ಸರ್."

ಆ ಎರಡು ಶಬ್ದ ಕೇಳಿ ನನ್ನ ಕಿವಿ ಬಿಸಿಯಾಯಿತು. ಅದು ನನ್ನ ಗಂಜ್‌ನ ದನಿ. ಕಾಟಾ ಮುಂದೆ ಕೂತವನು ತಡವರಿಸಬಾರದು. ಒಂದು ಗಳಿಗೆ ತಡವರಿಸಿದರೆ ರೈತನಿಗೆ ಅನುಮಾನ, ಖರೀದಿದಾರನಿಗೆ ಅನುಮಾನ, ಸಾಲು ನಿಂತುಬಿಡುತ್ತದೆ. ಆದ್ದರಿಂದ ಕೇಳಿದ ಕೂಡಲೇ ಗಟ್ಟಿಯಾಗಿ ಹೇಳೋದು ರೂಢಿ. ಆ ಗಟ್ಟಿ ದನಿಯನ್ನೇ ನಾನು ನೀರಿನ ಮೇಲೂ ಒಯ್ದಿದ್ದೆ. ಹುಡುಗಿ ನನ್ನನ್ನೇ ನೋಡಿ ಕೇಳಿದಳು. "ಅಂಕಲ್, ನೀವು ನನ್ನ ದೋಣಿ ನೋಡಿದ್ರಾ?"

ನಾನು ನೆನಪು ಮಾಡಿಕೊಂಡೆ. ಮೂತಿ ನೆನಪಿತ್ತು. ಮಡಿಕೆ ನೆನಪಿತ್ತು. ಹಾಯಿಯ ಕೆಳಗಿನ ಅಂಚಿಗೆ ಹರಿದಲ್ಲಿ ಟೇಪು ಅಂಟಿಸಿದ್ದ ಹಾಗೆ ನೆನಪು. ಆದರೆ ಆ ಟೇಪು ಅದೇ ಹಾಯಿಯದಾ, ಪಕ್ಕದ್ದಾ? ಮಡಿಕೆಯ ಕೆಳಗೆ ಇದ್ದದ್ದು 7 ಆಗಿದ್ದರೆ ಮೇಲಿನ ಅಡ್ಡಗೆರೆ ಕಾಣಬೇಕಿತ್ತು. ಕಂಡಿತ್ತಾ? ಅಥವಾ ಅದು 1 ಇದ್ದು, ಮಡಿಕೆಯ ನೆರಳನ್ನೇ 7ರ ಅಡ್ಡಗೆರೆ ಅಂದುಕೊಂಡೆನಾ? ಎಷ್ಟು ನೆನೆದರೂ ಅಷ್ಟೇ. "ದಡಕ್ಕೆ ಹೋಗಿ ಎರಡೂ ಹಾಯಿ ನೋಡಿ ಬರ್ಲಾ ಸರ್?" ಅಂತ ಕೇಳಿದೆ. ಆಫೀಸರ್ ಬೇಡ ಅಂದರು. "ಈಗ ನೋಡಿದ್ರೆ ಈಗ ಕಂಡದ್ದನ್ನೇ ಆಗ ಕಂಡದ್ದು ಅಂತೀರಿ. ಆಗ ಏನು ಕಂಡಿರಿ, ಅಷ್ಟೇ ಹೇಳಿ."

"ದೋಣಿ ದಾಟಿದ್ದು ಖರೆ ಸರ್. ಕೊನೆಯ ಅಂಕಿ ಖಾತ್ರಿ ಇಲ್ಲ." ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು.

ಅವರು ಬೈಯಲಿಲ್ಲ. ಪೆನ್ನು ತೆಗೆದು ಓಸಿಎಸ್ ಮೇಲೆ ಒಂದು ಗೆರೆ ಎಳೆದರು, ಪಕ್ಕದಲ್ಲಿ 6 ಅಂತ ಬರೆದು ಸಹಿ ಮಾಡಿದರು. ಹುಡುಗಿ ಥ್ಯಾಂಕ್ಯೂ ಹೇಳಿ ಓಡಿದಳು. ನಾನು ಕೇಳಿದೆ, "ಹಂಗಾದ್ರೆ 1ರ ದೋಣಿ?" ಅವರು ತಲೆ ಅಲ್ಲಾಡಿಸಿದರು. "ಅದನ್ನ ಯಾರೂ ನೋಡಿಲ್ಲ. ಒಂದು ಅನುಮಾನ ತೆಗೆದು ಇನ್ನೊಂದು ಮಗುವಿನ ಮೇಲೆ ಹಾಕೋದಾ?"

ಇದೇ ನನ್ನನ್ನು ಕೊರೆಯುತ್ತಿರೋದು. ಒಂದು ದೋಣಿ ದಾಟಿತ್ತು. ಅದು ಮಾತ್ರ ಸತ್ಯ. ಆ ದೋಣಿ ವಾಪಸ್ ಬರದೆ ರೇಸ್ ಮುಗಿಸಿತು, ಅಂಕವೂ ಪಡೆಯಿತು. ಆ ಮಗುವಿಗೆ ತಾನು ದಾಟಿದ್ದು ಗೊತ್ತಿತ್ತಾ, ಇಲ್ವಾ? ಅದರ ಹಿಂದೆ ನಿಯಮದಂತೆ ಶುರು ಮಾಡಿದ ಉಳಿದ ಮಕ್ಕಳಿಗೆ ನಾನು ಏನು ಹೇಳಲಿ? ನಾನು ತಲೆ ತಗ್ಗಿಸಿ ಬರೆಯುತ್ತಾ ಕೂತಿದ್ದರೆ ಹುಡುಗಿ ಆ ಒದ್ದೆ ಫಾರಂ ಹಿಡಿದು ಬರಬೇಕಿರಲಿಲ್ಲ. ಹೇಗೂ ನೋಡಿದೆ, ನೋಡಿದ್ದನ್ನು ಸರಿಯಾಗಿ ನೋಡಿದ್ದರೆ ದಾಟಿದವರಿಗೇ ಆ 39 ಅಂಕ ಬೀಳುತ್ತಿತ್ತು. ನನ್ನದು ಎರಡೂ ಆಗಲಿಲ್ಲ.

ಅವತ್ತು ರಾತ್ರಿ ತಂಗಿ ಮನೆಯಲ್ಲಿ ನಿದ್ದೆ ಬರಲಿಲ್ಲ. ಮಾನ್ವಿ ಕಡೆಯ ಒಬ್ಬ ಯಜಮಾನ್ರು ನೆನಪಾದರು. ಏಳೆಂಟು ವರ್ಷದ ಹಿಂದಿನ ಮಾತು. ತೊಗರಿ ತಂದಿದ್ದರು. ಒಂದೊಂದು ಚೀಲ ಕಾಟಾದಿಂದ ಇಳಿದಾಗಲೂ ಹೆಗಲ ಮೇಲಿನ ಟವೆಲ್ಲಿನ ಅಂಚಿನ ದಾರಕ್ಕೆ ಒಂದು ಗಂಟು ಹಾಕುತ್ತಿದ್ದರು. ನನ್ನ ಪುಸ್ತಕದಲ್ಲಿ 17 ಚೀಲ. ಅವರ ಟವೆಲ್ಲಿನಲ್ಲಿ 18 ಗಂಟು. "ಹದಿನೇಳೇ ಯಜಮಾನ್ರೇ, ಪಕ್ಕಾ" ಅಂದೆ, ಇದೇ ದನಿಯಲ್ಲಿ. ಅವರು ಜಗಳ ಮಾಡಲಿಲ್ಲ. ಗೋಡೆ ಕಡೆ ಕೈ ತೋರಿಸಿದರು. ಹಮಾಲನೊಬ್ಬ ದಾರಿಗೆ ಅಡ್ಡ ಅಂತ ಒಂದು ಚೀಲ ಅಲ್ಲಿ ಸರಿಸಿಟ್ಟಿದ್ದ. ನಾನು 18 ಅಂತ ತಿದ್ದಿದೆ. ಅವರು ಕಟ್ಟೆ ಮೇಲೆ ಕೂತು ಆ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು, ದಾರ ಹರಿಯದ ಹಾಗೆ. ಪುಸ್ತಕ ತಿದ್ದಿದ್ದೆ, ಅವರಿಗೆ ತಪ್ಪಾಯ್ತು ಅಂತ ಹೇಳಿರಲಿಲ್ಲ.

ಆಫೀಸರ್ ಹೇಳಿದ ಕತೆ

ಕೊನೆಯ ದಿನ ಬೆಳಿಗ್ಗೆ ಮತ್ತೆ ಗಾಳಿ ಇಲ್ಲ, ಮತ್ತೆ ಪಟ್ಟೆ ಬಾವುಟ. ನಾನು ಮಾತಿಲ್ಲದೆ ಕೂತಿದ್ದು ನೋಡಿ ಆಫೀಸರ್ ಒಂದು ಕತೆ ಹೇಳಿದರು. 1988ರ ಸೋಲ್ ಒಲಿಂಪಿಕ್ಸ್. ಹಾಯಿದೋಣಿ ಸ್ಪರ್ಧೆ ನಡೆದದ್ದು ಬುಸಾನ್‌ನಲ್ಲಿ. ಕೆನಡಾದ ಲಾರೆನ್ಸ್ ಲೆಮ್ಯೂ ತನ್ನ ರೇಸಿನಲ್ಲಿ ಎರಡನೇ ಜಾಗದಲ್ಲಿದ್ದ. ಜೋರು ಗಾಳಿ. ಬೇರೊಂದು ವರ್ಗದ ಸಿಂಗಪುರದ ದೋಣಿ ಮಗುಚಿ ಇಬ್ಬರು ನೀರಲ್ಲಿದ್ದದ್ದು ಕಂಡಿತು. ಆತ ರೇಸ್ ಬಿಟ್ಟು ಅವರ ಕಡೆ ದೋಣಿ ತಿರುಗಿಸಿದ. ಇಬ್ಬರನ್ನೂ ಎತ್ತಿಕೊಂಡು, ರಕ್ಷಣಾ ಬೋಟು ಬರುವ ತನಕ ಕಾದು, ಆಮೇಲೆ ರೇಸಿಗೆ ವಾಪಸಾದ. ತೀರಾ ಹಿಂದೆ ಬಿದ್ದಿದ್ದ. ತೀರ್ಪುಗಾರರು ಆ ರೇಸಿನಲ್ಲಿ ಅವನಿಗೆ ಎರಡನೇ ಜಾಗವನ್ನೇ ಕೊಟ್ಟರು. ನಿಯಮ ಪುಸ್ತಕದ ಮೊದಲನೇ ನಿಯಮವೇ ಅಪಾಯದಲ್ಲಿರುವವರಿಗೆ ಸಹಾಯ ಮಾಡಬೇಕು ಅನ್ನೋದಂತೆ. ಇದನ್ನು ಯಾಕೆ ಹೇಳಿದರೆಂದರೆ, ಕಳೆದುಕೊಂಡದ್ದನ್ನು ವಾಪಸ್ ಕೊಡುವ ದಾರಿ ಈ ಆಟದ ನಿಯಮದಲ್ಲೇ ಇದೆ. ಕಮಿಟಿ ತಪ್ಪು ಮಾಡಿದಾಗಲೂ ಅದೇ ದಾರಿ. "ನೀವು ನಿನ್ನೆ ಮಾಡಿದ್ದು ಅದೇ. ಒಂದೇ, ಮೊದಲು ಕೇಳಿದಾಗಲೇ ಹೇಳಬೇಕಿತ್ತು."

ಇಂಥ ಆಟ ನಾನು ಬೇರೆಲ್ಲೂ ನೋಡಿಲ್ಲ. ಒಂದು ಮಗು ಬೋಯ್‌ಗೆ ತಾಗಿಸಿಕೊಂಡರೆ ಯಾರೂ ಸೀಟಿ ಊದುವುದಿಲ್ಲ. ಮಗುವೇ ಸರಿದು, ದೋಣಿಯನ್ನು ಒಂದು ಸುತ್ತು ತಿರುಗಿಸಿ ಮುಂದೆ ಹೋಗುತ್ತದೆ. ಅದೇ ಶಿಕ್ಷೆ, ಅದು ತಾನೇ ಕೊಟ್ಟುಕೊಂಡದ್ದು. ಹತ್ತು ವರ್ಷದ ಮಗು, ಹಿಂದೆ ಮುಂದೆ ಯಾರೂ ಇಲ್ಲದಿದ್ದಾಗಲೂ, ಕೆರೆಯ ನಡುವೆ ಒಬ್ಬನೇ ಗಿರ್ರನೆ ತಿರುಗಿ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಎಡೆದೊರೆ ಸೀಮೆಯ ಮಕ್ಕಳಿಗೂ ಇದು ಸಿಗಬೇಕು ಅಂತ ತುಂಬಾ ಅನ್ನಿಸಿತು. ಎಡಕ್ಕೆ ಕೃಷ್ಣೆ, ಬಲಕ್ಕೆ ತುಂಗಭದ್ರೆ ಇದ್ದೂ ನಮಗೆ ನೀರೆಂದರೆ ಒಂದೋ ಕಾಲುವೆಗೆ ಕಾಯೋದು, ಇಲ್ಲಾ ಪ್ರವಾಹಕ್ಕೆ ಹೆದರೋದು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ರೈತರ ಮನೆ ಹುಡುಗಿ. ಸಮುದ್ರ ಇಲ್ಲದ ರಾಜ್ಯ. ಕಲಿತದ್ದು ಭೋಪಾಲ್‌ನಲ್ಲಿ. ಡ್ಯಾಂ ಹಿನ್ನೀರಿನಲ್ಲಿ ಹತ್ತು ಪುಟ್ಟ ಹಾಯಿ ಬಿಟ್ಟರೆ ನಮ್ಮಲ್ಲಿ ಆಗೋದಿಲ್ವಾ? ನಮ್ಮ ಅಂಬಿಗರ ಮನೆ ಮಕ್ಕಳಿಗೆ ಗಾಳಿ ಓದೋದನ್ನ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಹನ್ನೊಂದೂವರೆಗೆ ಗಾಳಿ ಬಂತು. ಪಟ್ಟೆ ಬಾವುಟ ಇಳಿಸುವ ಮೊದಲು ಮಕ್ಕಳು ಒಬ್ಬೊಬ್ಬರಾಗಿ ನಮ್ಮ ಬೋಟಿನ ಹಿಂದಿನಿಂದ ಹಾದು ಹೋಗಿ ತಮ್ಮ ಹಾಯಿಯ ನಂಬರ್ ಕೂಗಬೇಕು, ನಾನು ಪಟ್ಟಿಯಲ್ಲಿ ಗುರುತು ಹಾಕಬೇಕು. ಹಾಜರಿ ಇದ್ದ ಹಾಗೆ. ಜಾಸ್ತಿ ಮಕ್ಕಳು ಗಡಿಬಿಡಿಯಲ್ಲಿ ಕೂಗಿ ಹೋಗಿಬಿಡುತ್ತಾರೆ. ಕೊನೆಗೆ 1 ಇದ್ದ ದೋಣಿಯೂ ಹಾಯಿತು, ಒಬ್ಬ ಹುಡುಗ. ನಾನು ಅವನ ಹಾಯಿಯ ಅಂಚು ನೋಡಲಿಲ್ಲ. ಬೇಕೆಂದೇ ಪಟ್ಟಿಯ ಮೇಲೆ ಕಣ್ಣಿಟ್ಟು, ನಂಬರ್ ಕೇಳಿ, ಗುರುತು ಹಾಕಿದೆ.

ಅವನ ಹಿಂದೆ ಅವಳು ಬಂದಳು. ಹಾಯಿ ಸಡಿಲ ಬಿಟ್ಟು ದೋಣಿ ನಿಧಾನ ಮಾಡಿದಳು. ಒಂದೊಂದೇ ಅಂಕಿ ಬಿಡಿಸಿ ಕೂಗಿದಳು. ಕೊನೆಯದನ್ನು ಎರಡು ಸಲ, "ಸೆವೆನ್, ಅಂಕಲ್, ಸೆವೆನ್." ನಾನು ಬರೆದೆ, 7ಕ್ಕೆ ನಡುವೆ ಒಂದು ಅಡ್ಡಗೆರೆಯನ್ನೂ ಎಳೆದೆ. ಹಾಳೆಯನ್ನು ಅವಳಿಗೆ ಕಾಣುವ ಹಾಗೆ ಎತ್ತಿ ಹಿಡಿದೆ. "ಸರಿ ಐತೇನಮ್ಮಾ, ನೋಡು." ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಹೆಬ್ಬೆರಳು ಎತ್ತಿದಳು. ಹಾಯಿ ಬಿಗಿ ಮಾಡಿ ಗೆರೆಯ ಕಡೆ ಹೋದಳು.